ನವರೋನ್ ದ್ವೀಪ ನಿಜಕ್ಕೂ ಇದೆಯಾ?

ಪ್ರಶ್ನೆ: ‘ಗನ್ಸ್ ಆಫ್ ನವರೋನ್’ ಕಾದಂಬರಿಯ ದ್ವೀಪ ನಕಾಶೆಯಲ್ಲಿ ಎಲ್ಲಿದೆ? ಸಿನಿಮಾಕ್ಕೂ ಪುಸ್ತಕಕ್ಕೂ ವ್ಯತ್ಯಾಸ ಏನು?

ಉತ್ತರ 1: ಹುಡುಕಬೇಡಿ ಸರ್, ಸಿಗಲ್ಲ. ನವರೋನ್, ಕಥೆಯಲ್ಲಿ ಬ್ರಿಟಿಷ್ ಸೈನಿಕರು ಸಿಕ್ಕಿಬಿದ್ದ ಖೆರೋಸ್ ದ್ವೀಪ, ಎರಡೂ ಕಲ್ಪನೆ. ಎರಡನೇ ಮಹಾಯುದ್ಧದ ಹಿನ್ನೆಲೆ ಮಾತ್ರ ನಿಜ: ಜರ್ಮನ್ನರು 1943ರ ನವೆಂಬರ್ 12ರಂದು ಗ್ರೀಸಿನ ಲೆರೋಸ್ ದ್ವೀಪದಲ್ಲಿ ಇಳಿದರು, 16ಕ್ಕೆ ಬ್ರಿಟಿಷರು ಶರಣಾದರು.

ಉತ್ತರ 2: ಪುಸ್ತಕ 1957ರದ್ದು, ಸಿನಿಮಾ 1961ರದ್ದು. ಪುಸ್ತಕದಲ್ಲಿ ಜರ್ಮನ್ ಫಿರಂಗಿ ಉಡಾಯಿಸಲು ಹೋದ ತಂಡವನ್ನು ಸೇರುವ ಗ್ರೀಕರು ಲೂಕಿ, ಪನಯಿಸ್ ಇಬ್ಬರೂ ಗಂಡಸರು. ಸಿನಿಮಾದಲ್ಲಿ ಆ ಜಾಗಕ್ಕೆ ಹೆಂಗಸರು. ತಂಡದೊಳಗಿನ ದ್ರೋಹಿ ಯಾರಂತ ಹೇಳಲ್ಲ, ಓದೋ ಮಜಾ ಹೋಗುತ್ತೆ.

ಉತ್ತರ 3: ಸಿನಿಮಾದಲ್ಲಿ ತಂಡದ ಸ್ಫೋಟಕ ತಜ್ಞ ಮಿಲ್ಲರ್ ಉಪಾಯ ಗಮನಿಸಿ. ಫಿರಂಗಿ ಮೇಲಿನ ಸ್ಫೋಟಕ ಜರ್ಮನ್ನರಿಗೆ ಸಿಗಲಿ ಅಂತಲೇ ಇಟ್ಟದ್ದು. ನಿಜವಾದದ್ದು ಗುಂಡು ಎತ್ತುವ ಲಿಫ್ಟಿನ ಅಡಿಯಲ್ಲಿ. ಲಿಫ್ಟ್ ಕೆಳಗಿಳಿದು ತಾಕಿದರೆ ಸ್ಫೋಟ, ಆದ್ರೆ ಅದು ಪ್ರತಿ ಸಲ ಒಂಚೂರು ಮೇಲೇ ನಿಂತುಬಿಡುತ್ತೆ, ನೋಡುವವರ ಜೀವ ಬಾಯಿಗೆ!