ವಸುಧೈವ ಕುಟುಂಬಕಂ: ನರಿಯನ್ನೂ ಸೇರಿಸಿ ಹೇಳಿಕೊಡಿ

ಪರದೇಶದ ಮಕ್ಕಳ ಕನ್ನಡ ಕಲಿ ತರಗತಿಗೆ ‘ವಸುಧೈವ ಕುಟುಂಬಕಂ’ ಹೇಗೆ ಹೇಳಿಕೊಡೋದು ಅಂತ ಕೇಳಿದ್ದೀರಿ. ಬರೀ ಎರಡು ಪದ ಬಾಯಿಪಾಠ ಮಾಡಿಸಬೇಡಿ, ಇಡೀ ಶ್ಲೋಕ ಕಲಿಸಿ. ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು 32 ಅಕ್ಷರ ಅಷ್ಟೇ.

ಅಯಂ ನಿಜಃ ಪರೋ ವೇತಿ ಗಣನಾ ಲಘುಚೇತಸಾಮ್ |
ಉದಾರಚರಿತಾನಾಂ ತು ವಸುಧೈವ ಕುಟುಂಬಕಮ್ ||

ಇವನು ನಮ್ಮವನು, ಅವನು ಪರಕೀಯ ಅಂತ ಲೆಕ್ಕ ಹಾಕೋದು ಸಣ್ಣ ಮನಸ್ಸು. ದೊಡ್ಡ ಮನಸ್ಸಿನವರಿಗೆ ಭೂಮಿಯೇ ಮನೆಮಂದಿ.

ಬರವಣಿಗೆಯಲ್ಲಿ ಎಡವೋದು ಒಂದೇ ಕಡೆ. ‘ಧ’ದ ಹೊಟ್ಟೆ ಸೀಳೋದು ಮರೆತರೆ ‘ವಸುದೈವ’ ಆಗಿ, ಭೂಮಿ ಹೋಗಿ ದೈವ ಬಂದು ಕೂರುತ್ತೆ. (ದೊಡ್ಡವರ ಬ್ಯಾನರ್‌ಗಳಲ್ಲೂ ಇದೇ ಗತಿ.) ವಸುಧಾ + ಏವ, ಆ ಮತ್ತು ಏ ಸೇರಿ ಐ, ವೃದ್ಧಿ ಸಂಧಿ. ಬೋರ್ಡ್ ಮೇಲೆ ಬಿಡಿಸಿ ಬರೆದರೆ ಮತ್ತೆ ತಪ್ಪಲ್ಲ.

ಎಂಟು ಹತ್ತು ವರ್ಷದ ಮಕ್ಕಳು ಕೇಳೇ ಕೇಳ್ತಾರೆ: ಗುರುತಿಲ್ಲದವರ ಹತ್ರ ಹೋಗಬೇಡ ಅಂತೀರಲ್ಲ? ಅದಕ್ಕೆ ಹಿತೋಪದೇಶವೇ (ಸಂಸ್ಕೃತದ ಪ್ರಾಣಿ ನೀತಿಕಥೆಗಳ ಪುಸ್ತಕ) ಸರಿ. ಅಲ್ಲಿ ಈ ಶ್ಲೋಕ ಹೇಳೋದು ಕ್ಷುದ್ರಬುದ್ಧಿ ಅನ್ನೋ ನರಿ, ಜಿಂಕೆಯನ್ನ ತಿನ್ನೋ ಆಸೆಯಿಂದ ಅದರ ಸ್ನೇಹ ಗಿಟ್ಟಿಸೋಕೆ. ಕುಲಶೀಲ ತಿಳಿಯದವನಿಗೆ ಜಾಗ ಕೊಡಬೇಡ ಅಂತ ಜಿಂಕೆಯ ಹಳೇ ಗೆಳೆಯ ಕಾಗೆ ಎಚ್ಚರಿಸಿದಾಗ ನರಿ ಉತ್ತರವಾಗಿ ಇದನ್ನ ಎಸೆಯುತ್ತೆ. ಆಮೇಲೆ ಜಿಂಕೆ ಬಲೆಗೆ ಬಿದ್ದಾಗ, ‘ಬಲೆ ಪ್ರಾಣಿಯ ನರದಿಂದ ಮಾಡಿದ್ದು, ಇವತ್ತು ಭಾನುವಾರ, ವ್ರತದ ದಿನ, ಹಲ್ಲಲ್ಲಿ ಮುಟ್ಟೋದು ಹೇಗೆ’ ಅಂತ ಜಾರಿಕೊಳ್ಳುತ್ತೆ. ಕೊನೆಗೆ ಉಪಾಯ ಹೇಳಿ ಉಳಿಸೋದು ಕಾಗೆ. ಭಾನುವಾರದ ನೆಪಕ್ಕೆ ಮಕ್ಕಳು ನಗ್ತಾರೆ, ಆದರೆ ಒಳ್ಳೆ ಮಾತನ್ನ ಯಾರು, ಯಾಕೆ ಹೇಳ್ತಿದ್ದಾರೆ ನೋಡಬೇಕು ಅನ್ನೋದು ಅಲ್ಲೇ ಅರ್ಥ ಆಗುತ್ತೆ.

ಹಾಗಂತ ಶ್ಲೋಕವೇ ಸುಳ್ಳು ಅಂತ ಅಲ್ಲ. ಮಹೋಪನಿಷತ್ತಿನ ಆರನೇ ಅಧ್ಯಾಯದಲ್ಲಿ ‘ಅಯಂ ಬಂಧುರಯಂ ನೇತಿ’ ಅಂತ ಶುರುವಾಗುವ ಇದೇ ಮಾತು, ಆಸೆ ಕಳಚಿದವನ ಮನಸ್ಥಿತಿ ವರ್ಣಿಸೋಕೆ ಬರುತ್ತೆ. ಅದು ಹೈಸ್ಕೂಲ್ ಮಕ್ಕಳಿಗೆ ಇರಲಿ.

ಐದಾರು ವರ್ಷದವರಿಗೆ ಸಂಸ್ಕೃತ ಬೇಡ, ಬಸವಣ್ಣನವರ ‘ಇವನಾರವ’ ಸಾಕು. ಒಂದು ಮಗು ‘ಇವನಾರವ’ ಮೂರು ಸಲ ಕೇಳಲಿ, ಉಳಿದವರು ‘ಇವ ನಮ್ಮವ’ ಮೂರು ಸಲ ಹೇಳಲಿ. ಗಮನಿಸಿ, ವಚನದಲ್ಲಿ ಬಾಗಿಲಲ್ಲಿ ನಿಂತವನ ಹಾಗೆ ‘ನಿಮ್ಮ ಮನೆಯ ಮಗ ಎನಿಸು’ ಅಂತ ಕೇಳ್ತಿರೋದು ಹೇಳುವವನೇ. ಪರದೇಶದ ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ಆ ಜಾಗ ಚೆನ್ನಾಗಿ ಗೊತ್ತು.