ಥೈರಾಯ್ಡ್ ಮಾತ್ರೆ ಆರಂಭಿಸಿದರೂ ತಗ್ಗದ ಮೈಕೈ ನೋವು

ಪ್ರಶ್ನೆ (ಡೊಂಬಿವಲಿಯ ಗೃಹಿಣಿ): ಹೈಪೋಥೈರಾಯ್ಡಿಸಮ್‌ಗೆ (ಥೈರಾಯ್ಡ್ ಹಾರ್ಮೋನ್ ಕೊರತೆ) ಕಳೆದ ತಿಂಗಳಿನಿಂದ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆಯನ್ನು 50 ಮೈಕ್ರೋಗ್ರಾಂ ಸೇವಿಸುತ್ತಿದ್ದೇನೆ. ಆಯಾಸ ತುಸು ತಗ್ಗಿದೆಯಾದರೂ, ಸ್ಟೇಷನ್ ಸೇತುವೆಯ ಮೆಟ್ಟಿಲು ಹತ್ತುವಾಗ ತೊಡೆಗಳು ಬಿಗಿದುಕೊಳ್ಳುತ್ತವೆ. ಬೆಳಿಗ್ಗೆ ಚಪಾತಿ ಹಿಟ್ಟು ನಾದಲು ಬೆರಳುಗಳು ಮಡಚುವುದೇ ಇಲ್ಲ. ನೋವಿನ ಮಾತ್ರೆಯನ್ನು ದಿನವೂ ನುಂಗಬಹುದೇ?

ಉತ್ತರ (ಮಾಟುಂಗಾದ ಹಿರಿಯರು): ತಂಗಿ, ಟಿಎಸ್‌ಎಚ್ (ಥೈರಾಯ್ಡ್ ಕೊರತೆಯನ್ನು ತೋರಿಸುವ ರಕ್ತದ ಹಾರ್ಮೋನ್) ಸಹಜ ಮಟ್ಟಕ್ಕೆ ಬಂದ ಮೇಲೂ ಸ್ನಾಯುಗಳು ಚೇತರಿಸಿಕೊಳ್ಳಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಸಾಕೇ ಎಂಬುದು 6ರಿಂದ 8 ವಾರಗಳ ಬಳಿಕದ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಬೆಳಗಿನ ಲೋಕಲ್ ರೈಲು ಹಿಡಿಯುವವರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂಬುದು ಬೇರೆ ಮಾತು. ಮಂಡಿನೋವಿಗೆಂದು ಕ್ಯಾಲ್ಸಿಯಂ ಸೇವಿಸುತ್ತಿದ್ದರೆ ಎರಡರ ನಡುವೆ 4 ಗಂಟೆಗಳ ಅಂತರವಿರಲಿ, ಇಲ್ಲವಾದರೆ ಥೈರಾಯ್ಡ್ ಮಾತ್ರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಉತ್ತರ (ಪುಣೆಯ ಫಿಸಿಯೋಥೆರಪಿಸ್ಟ್): ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನವೂ ನುಂಗಬೇಡಿ, ಜಠರ, ಮೂತ್ರಪಿಂಡ ಎರಡಕ್ಕೂ ಹಾನಿಯಾಗಬಹುದು. ಬಿಸಿನೀರಿನ ಶಾಖ, ಸಮತಟ್ಟು ನೆಲದ ನಡಿಗೆ ಸದ್ಯಕ್ಕೆ ಸಾಕು. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಸೇವಿಸುತ್ತಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅದರಿಂದಲೂ ಸ್ನಾಯುನೋವು ಬರಬಹುದು. ಬೆರಳುಗಳು ರಾತ್ರಿ ಜೋಮು ಹಿಡಿಯುತ್ತವೆಯೇ? ಕೀಲುಗಳು ಊದಿಕೊಂಡಿವೆಯೇ?

ಪ್ರಶ್ನೆ ಕೇಳಿದವರು: ಊತವಿಲ್ಲ, ಜೋಮು ಇದೆ.

ಫಿಸಿಯೋಥೆರಪಿಸ್ಟ್: ಹಾಗಿದ್ದರೆ ಮಣಿಕಟ್ಟಿನ ನರ ಒತ್ತಿಹೋಗಿರುವ ಸಾಧ್ಯತೆಯಿದೆ, ಥೈರಾಯ್ಡ್ ಕೊರತೆಯಲ್ಲಿ ಇದು ಅಪರೂಪವಲ್ಲ, ವೈದ್ಯರಿಗೆ ತೋರಿಸಿ.