ಸುಮಾ, ಅವ್ವನ ಗುಳಿಗೆ ನಿಲ್ಲಿಸಬೇಡ

ಸುಮಾ, ನಾನು ದೊಡ್ಡವ್ವ. ಅವ್ವನ ಎರಡೂ ಪಾದ ಬಾತಿವೆ, ಔಷಧಿ ಅಂಗಡಿಯವನು ಬಿಪಿ ಗುಳಿಗೆಯಿಂದಲೇ ಅಂದ, ನಾಳೆಯಿಂದ ನಿಲ್ಲಿಸಲಾ ಅಂತ ಕೇಳಿದ್ದೀಯ. ಬೇಡವ್ವ, ನೀನಾಗೇ ನಿಲ್ಲಿಸಬೇಡ. ರಾಜು, ಮೂತ್ರ ಜಾಸ್ತಿ ಮಾಡುವ ನಿಮ್ಮಪ್ಪನ ನೀರಿನ ಗುಳಿಗೆ ಅರ್ಧ ಕೊಡಿ ಅಂತ ಬರೆದಿದ್ದೀಯಲ್ಲ, ಅದೂ ಬೇಡ. ಈ ಬಿಸಿಲಲ್ಲಿ ಮೊದಲೇ ಬೆವರಿ ಬೆವರಿ ಸುಸ್ತಾಗಿದ್ದಾಳೆ. ಅದರ ಮೇಲೆ ಆ ಗುಳಿಗೆ ಬಿದ್ದರೆ ಮೈಯಲ್ಲಿನ ನೀರು, ಉಪ್ಪು ಎರಡೂ ಇಳಿದು ತಲೆ ತಿರುಗಿ ಬಿದ್ದಾಳು.

ನಿಮ್ಮ ದೊಡ್ಡಪ್ಪನ ಕಥೆ ಗೊತ್ತಲ್ವಾ? ಆ ವರ್ಷ ಆಳಂದದ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಯಾರದೋ ಮಷಿನ್‌ನಲ್ಲಿ ಬಿಪಿ ನೋಡಿಕೊಂಡರು, 120/80 ಬಂತು. ಕಣದಲ್ಲಿ ಕೂತವರೆಲ್ಲ, ನಾರ್ಮಲ್ ಇದೆಯಲ್ಲ, ಸುಮ್ನೆ ಯಾಕೆ ನುಂಗ್ತೀರಿ, ಚಟ ಆಗಿಬಿಡುತ್ತದೆ ಅಂದರು. ಗುಳಿಗೆ ನುಂಗಿದ್ದಕ್ಕೇ ಅಲ್ವಾ ನಾರ್ಮಲ್ ಬಂದಿದ್ದು! ಇವರು ನನಗೊಂದು ಮಾತು ಹೇಳದೆ ಗುಳಿಗೆ ನಿಲ್ಲಿಸಿಬಿಟ್ಟಿದ್ದರು. ಅಂಗಿ ಒಗೆಯೋಕೆ ಹಾಕುವಾಗ ಜೇಬಿನಲ್ಲಿ ಅವರ ಬಿಪಿ ಗುಳಿಗೆ ಮೆಟೊಪ್ರೊಲಾಲ್‌ನ ಹೊಸ ಪಟ್ಟಿ ಸಿಕ್ಕಿತು. ಒಂದು ಗುಳಿಗೆಯೂ ಬಿಚ್ಚಿರಲಿಲ್ಲ. ಅವತ್ತೇ ರಾತ್ರಿ ಎದೆ ಢವಢವ ಅಂತ ಹೊಡೆದುಕೊಳ್ಳೋಕೆ ಶುರುವಾಯಿತು. ಅಂಥ ಚಳಿಯಲ್ಲೂ ಬನಿಯನ್ ಹಿಂಡಿದರೆ ನೀರು ಸುರಿಯುವ ಹಾಗೆ ತೊಯ್ದಿತ್ತು. ಜೀಪು ಮಾಡಿಕೊಂಡು ಕಲಬುರಗಿಗೆ ತಂದೆವು. ಅಲ್ಲಿ ಡಾಕ್ಟ್ರು ಹೇಳಿದರು: ಈ ಗುಳಿಗೆ ಹೃದಯದ ಬಡಿತವನ್ನು ಹಿಡಿದಿಟ್ಟಿರುತ್ತದೆ, ಒಮ್ಮೆಲೇ ಬಿಟ್ಟರೆ ಬಡಿತ, ಬಿಪಿ ಎರಡೂ ಏರುತ್ತವೆ. ನಿಲ್ಲಿಸೋದಾದರೂ ನಾವು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಬೇಕು. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ ಸುಮಾ, ಡಾಕ್ಟ್ರನ್ನು ಕೇಳದೆ ನಿಲ್ಲಿಸಬೇಡ.

ಕಣದಲ್ಲಿ ಕೂತು ಗುಳಿಗೆ ಬಿಡಿ ಅಂದವರಲ್ಲಿ ಒಬ್ಬರಾದರೂ ದವಾಖಾನೆಗೆ ಬಂದರಾ? ರಾತ್ರಿಯೆಲ್ಲ ನಾನೊಬ್ಬಳೇ ಬೆಂಚಿನ ಮೇಲೆ ಕೂತಿದ್ದೆ. ಫೋನ್ ಮಾಡಿದರೆ ರಾಶಿ ಕಾಯಬೇಕು ವೈನಿ ಅಂದರು. ತೊಗರಿ ಚೀಲ ಹಂಚಿಕೊಳ್ಳುವ ದಿನ ಮಾತ್ರ ಎಲ್ಲರಿಗೂ ಬಿಡುವಿತ್ತು. ಇವರು ಹೇಗಿದ್ದಾರೆ ಅಂತ ಅವತ್ತೂ ಕೇಳಲಿಲ್ಲ. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ನಿಮ್ಮ ಅವ್ವ ಮಾತ್ರ ಬೀದರ್‌ನಿಂದ ಬೆಳಗಿನ ಬಸ್ಸಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡು ಓಡಿ ಬಂದಿದ್ದಳು.

ಹಾಂ, ಮುಖ್ಯವಾದ್ದೇ ಉಳಿಯಿತು. ಅವ್ವನ ಬಿಪಿ ಗುಳಿಗೆ ಅಮ್ಲೋಡಿಪಿನ್ ಅಲ್ವಾ? ಅದರಿಂದ ಕೆಲವರಿಗೆ ಕಾಲು ಬಾಯುವುದು ನಿಜ, ಅಂಗಡಿಯವನು ಸುಳ್ಳು ಹೇಳಿಲ್ಲ. ಆದರೆ ಡೋಸ್ ಇಳಿಸೋದಾ, ಬೇರೆ ಗುಳಿಗೆ ಕೊಡೋದಾ, ಅದನ್ನು ಡಾಕ್ಟ್ರೇ ಹೇಳಬೇಕು. ಕಿಡ್ನಿ, ಹೃದಯದ ತೊಂದರೆಗೂ ಕಾಲು ಬಾಯುತ್ತದೆ, ಅದನ್ನೂ ನೋಡಲಿ. ಮಂಡಿ ನೋವಿಗೆ ಅಂತ ಅಂಗಡಿಯಿಂದ ಡೈಕ್ಲೋಫಿನಾಕ್ ತರಿಸಿ ನುಂಗುತ್ತಾಳಲ್ಲ, ಅದನ್ನು ಮುಚ್ಚಿಡಬೇಡ. ಅದರಿಂದಲೂ ಬಾವು ಬರುತ್ತದೆ, ಬಿಪಿಯೂ ಏರುತ್ತದೆ. ಆ ನಾಟಿ ಪುಡಿ, ಹಳೇ ಚೀಟಿ, ಎಲ್ಲ ಗುಳಿಗೆ ಪಟ್ಟಿ ಒಂದು ಕವರ್‌ಗೆ ಹಾಕಿ ನಾಳೆಯೇ ಕರೆದುಕೊಂಡು ಹೋಗು. ನಾಳೆ ಡಾಕ್ಟ್ರು ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದೇ ಕಾಲು ಬಾತು ನೋಯುತ್ತಿದ್ದರೆ ನಾಳೆವರೆಗೂ ಕಾಯಬೇಡ, ಈಗಲೇ ಹೊರಡು. ರಾತ್ರಿ ಮಲಗಿದರೆ ಉಸಿರಾಟ ಸರಿ ಇರುತ್ತದಾ? ಅದನ್ನು ಮೊದಲು ಹೇಳು.